ರೊಟ್ಟಿ ಮರೆತ ಕೈ

ರಾತ್ರಿ ಹನ್ನೊಂದೂವರೆ. ಹುಬ್ಬಳ್ಳಿಯ ಒಂದು ವಾರ್ಡು. ಫಿನೈಲಿನ ವಾಸನೆಯ ನಡುವೆ ಯಾರೋ ಬಿಚ್ಚಿದ ಬುತ್ತಿಯಿಂದ ಶೇಂಗಾ ಚಟ್ನಿಯ ಘಮ ತೇಲಿ ಬರುತ್ತಿದೆ. ನೀವು ಡ್ಯೂಟಿ ಡಾಕ್ಟರು. ಬೆಳಗಿನಿಂದ ನಿಂತ ಕಾಲು ನೋಯುತ್ತಿವೆ. ಮೂಲೆಯ ಮಂಚದಲ್ಲಿ 62ರ ತಾಯಿಯೊಬ್ಬರು ಕಣ್ಣು ಮಿಟುಕಿಸದೆ ಫ್ಯಾನು ನೋಡುತ್ತಿದ್ದಾರೆ. ಕೇಸ್ ಶೀಟಿನಲ್ಲಿ ಯಾರೋ ಗೀಚಿದ್ದಾರೆ: ‘ವಯಸ್ಸಿನ ಮರೆವು, ಖಿನ್ನತೆ?’

“ಪಂಚಮಿಗೆ ನೂರು ರೊಟ್ಟಿ ಬಡದಾಳ್ರಿ ನಮ್ಮವ್ವ,” ಎನ್ನುತ್ತಾನೆ ಮಗ. “ದಸರಾದಾಗ ಹಿಟ್ಟು ನಾದೂದು ಮರತ್ಳು. ಈಗ ದೀಪಾವಳಿ, ನನ್ನ ಗುರ್ತ ಹಿಡೀವಲ್ಲಳು.”

ಪಂಚಮಿ, ದಸರಾ, ದೀಪಾವಳಿ. ನಿಮ್ಮ ಬೆರಳು ತಾನಾಗಿ ಎಣಿಸುತ್ತದೆ: ಮೂರು ತಿಂಗಳು. ಅಲ್ಝೈಮರ್ಸ್ ಸಾಮಾನ್ಯವಾಗಿ ಇಷ್ಟು ಅವಸರ ಮಾಡುವುದಿಲ್ಲ, ಅದಕ್ಕೆ ವರ್ಷಗಳು ಬೇಕು.

ಪಕ್ಕದ ಮಂಚದಿಂದ ಸ್ಟೀಲ್ ಲೋಟ ಬೀಳುತ್ತದೆ. ಠಣ್!

ತಾಯಿಯ ಇಡೀ ಮೈ ಬೆಚ್ಚಿ ಹಾರುತ್ತದೆ. ಕೈ, ಭುಜ, ಕಾಲು, ಎಲ್ಲ ಒಟ್ಟಿಗೆ. ನಿಮ್ಮ ಬೆನ್ನಲ್ಲಿ ಸಣ್ಣ ಚಳಿ. ನೀವೇ ಒಮ್ಮೆ ಚಪ್ಪಾಳೆ ತಟ್ಟುತ್ತೀರಿ. ಮತ್ತೆ ಅದೇ ಜಿಗಿತ.

“ಅವ್ವಾ, ರೊಟ್ಟಿ ಹೆಂಗ ಬಡೀತೀರಿ, ತೋರಿಸ್ರಿ.” ಅಂಗೈ ಮೇಲೇಳುತ್ತದೆ. ಬೆರಳು ಅಗಲವಾಗುತ್ತವೆ. ಅಲ್ಲೇ ನಿಲ್ಲುತ್ತವೆ. ನಲವತ್ತು ವರ್ಷ ಹಿಟ್ಟನ್ನು ತಿರುಗಿಸಿದ ಆ ಕೈಯನ್ನು ಅವರು ಬೇರೆಯವರದ್ದೆಂಬಂತೆ ನೋಡುತ್ತಾರೆ.

ಬೆಳಿಗ್ಗೆ ಎಂಆರ್‌ಐ ಬರುತ್ತದೆ. ಮೆದುಳಿನ ಹೊರ ಅಂಚಿನುದ್ದಕ್ಕೂ ಸುಣ್ಣದ ಗೆರೆ ಎಳೆದಂತೆ ಬಿಳುಪು. ಇಇಜಿಯಲ್ಲಿ ಹೆಚ್ಚುಕಡಿಮೆ ಸೆಕೆಂಡಿಗೊಂದು ಚೂಪು ಅಲೆ, ಒಂದೇ ತಾಳದಲ್ಲಿ. ಓದಿದ್ದ ಹೆಸರು ನಾಲಿಗೆ ತುದಿಗೆ ಬಂದೇ ಬಿಡುತ್ತದೆ: ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ರೋಗ. ವೈರಸ್ಸಲ್ಲ, ಬ್ಯಾಕ್ಟೀರಿಯಾ ಅಲ್ಲ. ನಮ್ಮದೇ ಮೆದುಳಿನ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು, ಪಕ್ಕದ್ದನ್ನೂ ಹಾಗೇ ಮಡಚುತ್ತ ಹೋಗುತ್ತದೆ. 1982ರಲ್ಲಿ ಸ್ಟ್ಯಾನ್ಲಿ ಪ್ರುಸಿನರ್ ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟಾಗ ಬಹಳ ಮಂದಿ ನಂಬಲಿಲ್ಲ. 1997ರಲ್ಲಿ ನೊಬೆಲ್ ಬಂತು.

ಹೇಳಿಬಿಡಲೇ? ಬೇಡ, ಹೆಸರು ನುಂಗಿಕೊಳ್ಳಿ. ಮೆದುಳಿನ ಮೇಲೆ ದೇಹವೇ ತಿರುಗಿಬೀಳುವ ಎನ್ಸೆಫಲೈಟಿಸ್ ಹೀಗೇ ವೇಷ ಹಾಕಿ ಬರುತ್ತದೆ. ಬಿ12 ಕೊರತೆ, ಥೈರಾಯ್ಡು, ಸಿಫಿಲಿಸ್ ಕೂಡ ಬರಬಹುದು. ಅವಕ್ಕೆ ಮದ್ದಿದೆ. ಎನ್ಸೆಫಲೈಟಿಸ್‌ನಲ್ಲಿ ಸಕಾಲಕ್ಕೆ ಸ್ಟೀರಾಯ್ಡ್ ಸಿಕ್ಕು, ಎದ್ದು ಮನೆಗೆ ನಡೆದುಹೋದವರಿದ್ದಾರೆ. ಪ್ರಿಯಾನ್ ರೋಗವನ್ನು ಗುರುತಿಸದೆ ಇರುವುದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಉಳಿದವನ್ನು ಹುಡುಕದೆ ಗುರುತಿಸಿಬಿಡುವುದು.

ಆದ್ದರಿಂದ ಬೆನ್ನಿಗೆ ಸೂಜಿ. ತಾಯಿ ಮಗ್ಗುಲಾಗಿದ್ದಾರೆ, ಮೊಣಕಾಲು ಹೊಟ್ಟೆಗೆ. ಮಗ ಭುಜ ಹಿಡಿದಿದ್ದಾನೆ. ಕೈಗವಸಿನೊಳಗೆ ನಿಮ್ಮ ಬೆರಳು ಬೆವರುತ್ತವೆ. ಫಾರ್ಮಲಿನ್‌ಗೆ ಸಾಯದ, ಕುದಿಯುವ ನೀರಿಗೂ ಬಗ್ಗದ ವಸ್ತು ಈ ಪ್ರಿಯಾನ್. ಬೆನ್ನುನೀರಿನಲ್ಲಿ ಅದರ ಅಪಾಯ ಕಡಿಮೆ ಎಂದು ಬುದ್ಧಿಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಸಿಸ್ಟರ್ ಬಾಗಿಲಲ್ಲಿ ಕಾವಲು. ಸದ್ದಾಗಬಾರದು. ಸೂಜಿ ಒಳಗೆ. ಇನ್ನಷ್ಟು. ಹೊರಗೆ ಯಾರೋ ಕೆಮ್ಮುತ್ತಾರೆ. ಮೈ ಜಿಗಿಯುತ್ತದೆ! ಉಸಿರು ಬಿಗಿ. ಕೈ ಅಲ್ಲಾಡಿಸಬೇಡಿ. ಸಣ್ಣದೊಂದು ‘ಪಟ್’. ಹನಿ. ಮತ್ತೊಂದು. ತಿಳಿನೀರಿನಂತೆ ಸ್ವಚ್ಛ.

ಐದು ದಿನ ಸ್ಟೀರಾಯ್ಡ್ ಹನಿಸುತ್ತೀರಿ. ದಿನಾ ಬೆಳಿಗ್ಗೆ ಮಗನನ್ನು ತೋರಿಸಿ “ಇವರ್ಯಾರು?” ಎಂದು ಕೇಳುತ್ತೀರಿ. ಉತ್ತರವಿಲ್ಲ. ರಕ್ತದಲ್ಲಿ ಏನೂ ಸಿಗುವುದಿಲ್ಲ. ಕೊನೆಗೆ ಪ್ರಿಯಾನ್ ಹುಡುಕುವ ಆರ್‌ಟಿ-ಕ್ವಿಕ್ ಪರೀಕ್ಷೆಯ ವರದಿ ಬರುತ್ತದೆ: ತಾಯಿಯ ಬೆನ್ನುನೀರು ಬಿದ್ದ ಕೊಳವೆಯಲ್ಲಿ ಒಳ್ಳೆಯ ಪ್ರೋಟೀನೂ ಕೆಟ್ಟಿದೆ. ಈ ಪರೀಕ್ಷೆ ‘ಹೌದು’ ಎಂದರೆ ಸುಳ್ಳಾಗುವುದು ತೀರಾ ಅಪರೂಪ.

“ಔಷಧ?”

“ಇಲ್ಲಪ್ಪ.” ಹೆಚ್ಚಿನವರಿಗೆ ಉಳಿಯುವುದು ತಿಂಗಳುಗಳು ಮಾತ್ರ ಎನ್ನುತ್ತೀರಿ. ರಕ್ತದಾನ, ನೇತ್ರದಾನ ಕೂಡದು ಎನ್ನುತ್ತೀರಿ. ಊರೂರು ಆಸ್ಪತ್ರೆ ಅಲೆದು ಹೊಲ ಮಾರಬೇಡ ಎನ್ನುವಾಗ ಮಾತ್ರ ನಿಮ್ಮ ದನಿ ನಡುಗುತ್ತದೆ.

ಅವನು ಬಹಳ ಹೊತ್ತು ಸುಮ್ಮನಿದ್ದು ಕೇಳುತ್ತಾನೆ: “ಮೊಮ್ಮಕ್ಕಳು ಅವ್ವನ ಮಗ್ಗಲದಾಗ ಮಲಗಬಹುದೇನ್ರಿ?”

“ಧಾರಾಳ ಮಲಗ್ಲಿ. ಮುಟ್ಟಿದ್ರ, ಒಂದ ತಾಟಿನ್ಯಾಗ ಉಂಡ್ರ ಬರೂ ರೋಗ ಅಲ್ಲ ಇದು.”