ಪೋಸ್ಟಮಾಸ್ತರು ಬಡಿದ ರೊಟ್ಟಿ

ಧಾರವಾಡದಲ್ಲಿ ನಿವೃತ್ತರಿಗೆ ಯಾವತ್ತೂ ಬರವಿಲ್ಲ. ವಿಶ್ವವಿದ್ಯಾಲಯ, ಕಾಲೇಜು, ಆಕಾಶವಾಣಿ, ರೈಲ್ವೆ, ಕೋರ್ಟು ಕಚೇರಿ ಎಲ್ಲಾ ಒಂದೇ ಊರಲ್ಲಿ ಇದ್ದ ಮೇಲೆ ಅಲ್ಲಿಂದ ಹೊರಬಿದ್ದವರೂ ಇಲ್ಲೇ ಉಳಿಯಬೇಕಲ್ಲ. ಬೇರೆ ಊರಲ್ಲಿ ನೌಕರಿ ಮಾಡಿದವರು ಸಹ ಕೊನೆಗೆ ಇಲ್ಲೊಂದು ಮನೆ ಕಟ್ಟಿಸಿ ಬಂದು ಕೂಡುತ್ತಾರೆ. ಸೆಕೆ ಕಡಿಮೆ, ಜಿಟಿಜಿಟಿ ಮಳೆ ಬೇಕಾದಷ್ಟು. ಬೆಳಿಗ್ಗೆ ತಿರುಗಾಡಲು ಕೆಲಗೇರಿ ಕೆರೆ ಇದೆ. ಸಂಜೆ ಭಾಷಣ ಕೇಳಬೇಕೆಂದರೆ 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘವಿದೆ. ಮಧ್ಯಾಹ್ನದ್ದೇ ಪ್ರಶ್ನೆ. ಊಟ ಆಗಿ, ಒಂದು ನಿದ್ದೆ ತೆಗೆದು, ನಾಲ್ಕರ ಚಹಾ ಕುಡಿದ ಮೇಲೆ ಗಂಡಸಾದವನು ಎಲ್ಲಿಗೆ ಹೋಗಬೇಕು?

ನಾವು ಹೋಗುತ್ತಿದ್ದುದು ಮಾಳಮಡ್ಡಿಗೆ. ಸ್ಟೇಶನ್ನಿನ ಸಮೀಪ ಒಂದು ಹಂಚಿನ ಮನೆ. ಮನೆಯ ಯಜಮಾನರ ಮಕ್ಕಳು ಪುಣೆಯಲ್ಲಿದ್ದರು, ಪಡಸಾಲೆ ಖಾಲಿ ಬಿದ್ದಿತ್ತು. "ಬಂದು ಕುಂದರ್ರಿ, ಮನಿ ಬೆಚ್ಚಗರೆ ಇರತದ" ಎಂದು ಅವರೇ ಕರೆದು ಕೂಡಿಸಿಕೊಂಡರು. ಬೋರ್ಡಿಲ್ಲ, ನೋಂದಣಿಯಿಲ್ಲ. ಓಣಿಯ ಹುಡುಗರು 'ಅಜ್ಜಗೋಳ ಪಡಸಾಲಿ' ಅನ್ನುತ್ತಿದ್ದರು, ನಾವೂ ಹಾಗೇ ಅನ್ನತೊಡಗಿದೆವು. ಒಂದು ಕೇರಂ ಬೋರ್ಡು, ಎರಡು ಪೇಪರು, ಇಸ್ಪೀಟಿನ ಎರಡು ಕಟ್ಟು, ತಿಂಗಳ ಚಂದಾ. ರಮ್ಮಿಗೆ ರೊಕ್ಕ ಹಚ್ಚುವಂತಿರಲಿಲ್ಲ. ಹುಣಸೆಬೀಜ ಹಚ್ಚಿ ಆಡುತ್ತಿದ್ದೆವು. ಹುಣಸೆಬೀಜಕ್ಕಾಗಿ ಆದ ಜಗಳಗಳನ್ನು ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ.

ಗಾರ್ಡ್ ಸಾಹೇಬರೆಂಬವರು ಇದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಯಾರಾದರೂ "ಟೈಮೆಷ್ಟ್ರಿ?" ಅಂದರೆ "ನಾಲ್ಕೂವರೆ" ಎಂದು ಹೇಳಿದವರಲ್ಲ, "ನಾಲ್ಕು ಗಂಟೆ ಇಪ್ಪತ್ತೇಳು ನಿಮಿಷ" ಅನ್ನುವರು. ನಾನು ಕರ್ನಾಟಕ ಕಾಲೇಜಿನಲ್ಲಿ ಪಾಠ ಹೇಳಿದವನು. ಕಾಲೇಜು 1917ರಲ್ಲಿ ಸುರುವಾದದ್ದು, ಆದರೆ ಅದರ ಕಲ್ಲಿನ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. ಹೀಗಾಗಿ ನಾನು ಕಾಲೇಜಿನ ಮಾತೆತ್ತಿದೆನೆಂದರೆ ಸಾಹೇಬರು, "ಸರ, ನೀವು ಜೀವನಪೂರ್ತಿ ನಮ್ಮ ಆಫೀಸಿನ್ಯಾಗ ಬಾಡಿಗಿ ಇದ್ದವರು" ಎಂದು ಬಾಯಿ ಮುಚ್ಚಿಸುವರು. ಎಂಬತ್ತು ತುಂಬಿದಾಗ ಅವರ ಪಿಂಚಣಿ ಶೇಕಡಾ 20 ಏರಿತು. ಕೇಂದ್ರ ಸರಕಾರದ ನಿವೃತ್ತರಿಗೆ ಅದೊಂದು ಅನುಕೂಲ ಇದೆ. ಆ ದಿನ ಲೈನ್ ಬಜಾರಿನಿಂದ ಪೇಡೆ ತರಿಸಿ ಎಲ್ಲರಿಗೂ ಹಂಚಿದರು. ಹಂಚುತ್ತಲೇ, ಪೇಡೆಯ ಠಾಕೂರ ಮನೆತನದವರು ಪ್ಲೇಗಿನ ಕಾಲಕ್ಕೆ ಉನ್ನಾವ್ ಕಡೆಯಿಂದ ಬಂದ ಕಥೆಯನ್ನು ಹೇಳಿದರು. ನಮಗೆಲ್ಲ ಗೊತ್ತಿದ್ದ ಕಥೆಯೇ. ಪೇಡೆ ಬಾಯಲ್ಲಿರುವಾಗ ಮತ್ತೊಮ್ಮೆ ಕೇಳಲು ಯಾರಿಗೂ ಬೇಸರವಾಗಲಿಲ್ಲ.

ತಹಶೀಲ್ದಾರ ಸಾಹೇಬರಿಗೆ ಎಲ್ಲದಕ್ಕೂ ಠರಾವು ಬೇಕು. ಚಹಾಕ್ಕೆ ಶುಂಠಿ ಹಾಕಬೇಕೋ ಬೇಡವೋ ಎನ್ನುವುದಕ್ಕೂ ವಹಿಯಲ್ಲಿ ಸೂಚಕರು, ಅನುಮೋದಕರು ಎಂದು ಬರೆಸಿದ್ದಾರೆ. ಗಣಿತದ ಮಾಸ್ತರು ಚಂದಾದ ಲೆಕ್ಕ ಇಡುವರು, ಗೌಡ್ರು ನಗುವರು. ಗೌಡ್ರು ಕೃಷಿ ಇಲಾಖೆಯಲ್ಲಿ ಇದ್ದವರು, ಅಮ್ಮಿನಭಾವಿ ದಾಟಿದರೆ ಸವದತ್ತಿ ರಸ್ತೆಯ ಬದಿಗೆ ಅವರ ಎರೆಹೊಲ. ಹೊಟ್ಟೆ ಕುಣಿಸಿ ನಗುವ ಅವರ ನಗೆ ಎದುರುಮನೆಗೆ ಕೇಳಿಸುತ್ತಿತ್ತು.

ಇನ್ನು ಪೋಸ್ಟಮಾಸ್ತರು. ಸಣಕಲು ಆಳು, ಮಾತು ಕಡಿಮೆ. ಸಂಜೆ ಐದೂವರೆ ಆಯಿತೆಂದರೆ ಕೈಯಲ್ಲಿ ಎಂಥ ಎಲೆ ಇದ್ದರೂ ಬೋರಲು ಹಾಕಿ, "ಬರ್ತೀನ್ರಿ" ಎಂದು ಚಪ್ಪಲಿ ಮೆಟ್ಟುವರು. ಅವರ ಕೆಲಸ ನವೆಂಬರಿನಲ್ಲಿ. ಪಿಂಚಣಿದಾರನಾದವನು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ತಾನು ಬದುಕಿದ್ದೇನೆಂದು ಬರೆದುಕೊಡಬೇಕಲ್ಲ? ಆ ಫಾರ್ಮುಗಳನ್ನು ನಮ್ಮೆಲ್ಲರ ಪರವಾಗಿ ಮುತ್ತಿನಂಥ ಅಕ್ಷರದಲ್ಲಿ ತುಂಬಿ, "ಇಲ್ಲಿ ಸಹಿ, ಇಲ್ಲಿ ತಾರೀಖು" ಎಂದು ಬೆರಳು ಇಟ್ಟು ತೋರಿಸುವರು. ಬೆರಳು ನಡುಗುವವರ ಕೈ ಹಿಡಿದು ಸಹಿ ಮಾಡಿಸುವರು.

ನಾನು ಹೇಳಹೊರಟ ವರ್ಷ ಅವರು ನವೆಂಬರಿನಲ್ಲಿ ಬರಲಿಲ್ಲ. ಮಳೆಗಾಲದಲ್ಲೇ ಅವರ ಮನೆಯವರು ತೀರಿಕೊಂಡಿದ್ದರು. ಶ್ರಾವಣದಲ್ಲೋ ಭಾದ್ರಪದದಲ್ಲೋ ನನಗೀಗ ಸರಿಯಾಗಿ ನೆನಪಾಗುತ್ತಿಲ್ಲ. ಮಣ್ಣಿಗೆ ಹೋದಾಗ ಎಲ್ಲರ ಕೈಯಲ್ಲೂ ಛತ್ರಿ ಇದ್ದದ್ದು ಮಾತ್ರ ನೆನಪಿದೆ. ಅಂದಿನಿಂದ ಅವರು ಮನೆಯ ಹೊಸ್ತಿಲು ದಾಟಿರಲಿಲ್ಲ. ಕೊನೆಗೆ ಗಾರ್ಡ್ ಸಾಹೇಬರು ಫಾರ್ಮುಗಳ ಕಟ್ಟು ಹಿಡಿದುಕೊಂಡು ಅವರ ಮನೆಗೇ ಹೋದರು. "ಮಾಸ್ತರ, ನೀವು ಬರೀಲಿಲ್ಲಂದ್ರ ಸರ್ಕಾರದ ಲೆಕ್ಕದಾಗ ನಾವೆಲ್ಲಾ ಸತ್ತಂಗ" ಅಂದರಂತೆ. ಪೋಸ್ಟಮಾಸ್ತರು ಎದ್ದು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಬರೆದುಕೊಟ್ಟರು. ಆದರೆ ಪಡಸಾಲೆಗೆ ಬರಲಿಲ್ಲ.

ಡಿಸೆಂಬರ್ 17 ಬಂತು. ನಿವೃತ್ತರಿಗೆ ಅದು ಹಬ್ಬದ ದಿನ. 1982ರಲ್ಲಿ ಅದೇ ತಾರೀಖಿಗೆ ಸುಪ್ರೀಂ ಕೋರ್ಟು, ಡಿ.ಎಸ್. ನಕಾರಾ ಎಂಬ ನಿವೃತ್ತ ಅಧಿಕಾರಿ ಹೂಡಿದ ದಾವೆಯಲ್ಲಿ, ಪಿಂಚಣಿ ಎಂದರೆ ಸರಕಾರ ಮನಸ್ಸು ಬಂದಾಗ ಕೊಡುವ ಇನಾಮಲ್ಲ, ದುಡಿದವನ ಹಕ್ಕು ಎಂದು ತೀರ್ಪು ಕೊಟ್ಟಿತು. 1979ರ ಮಾರ್ಚ್ 31ರಿಂದೀಚೆಗೆ ನಿವೃತ್ತರಾದವರಿಗಷ್ಟೇ ಹೊಸ ಲೆಕ್ಕ, ಅದಕ್ಕಿಂತ ಮೊದಲಿನವರಿಗೆ ಹಳೇ ಲೆಕ್ಕ ಎಂಬ ಭೇದವನ್ನೂ ತೆಗೆದುಹಾಕಿತು. ನಮ್ಮಂಥವರ ಮನೆಯ ಒಲೆ ಇವತ್ತು ಮರ್ಯಾದೆಯಿಂದ ಉರಿಯುತ್ತಿದ್ದರೆ ಅದರ ಹಿಂದೆ ಆ ತೀರ್ಪಿದೆ. ತಹಶೀಲ್ದಾರರು ಪ್ರತಿವರ್ಷ ಅದರ ಮೇಲೆ ಭಾಷಣ ಮಾಡುವರು. ಮನೆಮನೆಯಿಂದ ಹೆಣ್ಣುಮಕ್ಕಳು ಹಚ್ಚಿದ ಅವಲಕ್ಕಿ, ಮಿರ್ಚಿ ಭಜಿ, ಶಿರಾ ಮಾಡಿ ತಂದುಕೊಡುವರು.

ಆ ವರ್ಷ ಭಾಷಣ ಮುಗಿದು ಚಪ್ಪಾಳೆ ನಿಂತ ಮೇಲೆ ತಹಶೀಲ್ದಾರರ ಮನೆಯವರು, ನಾವೆಲ್ಲ ವೈನಿ ಅನ್ನುತ್ತಿದ್ದವರು, ಭಜಿಯ ತಾಟು ಕೈಯಲ್ಲಿ ಹಿಡಿದೇ ಕೇಳಿದರು: "ಎಲ್ಲಾ ಖರೇ. ನಿಮಗ ಐವತ್ತೆಂಟಕ್ಕ ಬಿಡುಗಡೆ ಆತು, ಮ್ಯಾಲ ಪಿಂಚಣಿನೂ ಬಂತು. ನಮಗ ಯಾವ ಕೋರ್ಟು ರಿಟೈರ್ ಮಾಡತದರಿ?"

ಪಡಸಾಲೆ ಸುಮ್ಮನಾಯಿತು. ಗೌಡ್ರು ಕೂಡ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಬಾಯಿ ಬಿಟ್ಟರು: "ವೈನಿ, ಎಳ್ಳ ಅಮಾಸಿ ಬಂತು. ಈ ವರ್ಷ ನಮ್ಮ ಹೊಲದಾಗ ಚರಗಾ ಚೆಲ್ಲೂದೈತಿ. ಅಡಿಗಿ ನಾವು ಗಂಡಸರ ಮಾಡ್ತೀವಿ, ನೀವು ಬರೇ ಉಣ್ಣಾಕ ಬರ್ರಿ." ತಹಶೀಲ್ದಾರರು ಅಲ್ಲಿಯೇ ವಹಿ ತೆರೆದು ಠರಾವು ಬರೆದರು. ಹಿಂದೆ ಸರಿಯುವ ಹಾದಿ ಮುಚ್ಚಿತು.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳುತ್ತೇನೆ. ನಮ್ಮ ಕಡೆ ಎಳ್ಳ ಅಮಾವಾಸ್ಯೆ ಎಂದರೆ ಹೊಲದ ಹಬ್ಬ. ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಕಾಯಿಕಟ್ಟುತ್ತಿರುತ್ತದೆ, ಕುಸುಬೆ ಮುಳ್ಳು ತೋರಿಸುತ್ತಿರುತ್ತದೆ. ಹೊಲದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜೆ ಮಾಡಿ, ಎಡೆ ತೋರಿಸಿ, ಅಡಿಗೆಯಲ್ಲಿ ಒಂದಿಷ್ಟು ಕಲಸಿ ಹೊಲದ ಸುತ್ತ ಚೆಲ್ಲುತ್ತ ಕೂಗುತ್ತ ಹೋಗಬೇಕು. ಭೂತಾಯಿಗೆ ಉಣಿಸುವುದು ಎಂದು ನಂಬಿಕೆ. ಆಮೇಲೆ ಎಲ್ಲರೂ ಹೊಲದಲ್ಲೇ ಕೂತು ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ಬರೆಯುತ್ತಿದ್ದಂತೆ ಬಾಯಲ್ಲಿ ನೀರು ಬರುತ್ತಿದೆ.

ಹೋಳಿಗೆ ನಮ್ಮ ಕೈಗೆ ಸಾಧ್ಯವಿಲ್ಲವೆಂದು ಅಂಗಡಿಗೆ ಹೇಳಿದೆವು. ಪಲ್ಯ ಹೇಗೋ ಆದೀತು. ರೊಟ್ಟಿಯದೇ ಚಿಂತೆ. ಹಿಂದಿನ ದಿನ ಸಂಜೆ ಪಡಸಾಲೆಯ ಹಿತ್ತಲಲ್ಲಿ ಅಭ್ಯಾಸಕ್ಕೆ ಕೂತೆವು. ಸಜ್ಜೆ ಹಿಟ್ಟಿಗೆ ಜಿಗಿಯಿಲ್ಲ, ಗೋಧಿಯಂತೆ ಮಾತು ಕೇಳುವುದಿಲ್ಲ. ಗಣಿತದ ಮಾಸ್ತರು ನೀರಿನ ಪ್ರಮಾಣ ಲೆಕ್ಕ ಹಾಕಿ ಬರೆದುಕೊಂಡು ಬಂದಿದ್ದರು, ಆದರೂ ರೊಟ್ಟಿ ಅಂಗೈ ಬಿಟ್ಟು ಹಂಚಿಗೆ ಹೋಗುವಷ್ಟರಲ್ಲಿ ನಾಲ್ಕು ತುಂಡು. ಗೌಡ್ರು ಒಂದು ತುಂಡು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದರು. ಕಹಿ.

ಅಷ್ಟರಲ್ಲಿ ಗಾರ್ಡ್ ಸಾಹೇಬರು ಪೋಸ್ಟಮಾಸ್ತರ ರಟ್ಟೆ ಹಿಡಿದುಕೊಂಡು ಗೇಟು ತೆರೆದರು. ಏನು ಹೇಳಿ ಕರೆತಂದರೋ ನನಗೆ ತಿಳಿಯದು. ಸಾಹೇಬರು ಅದನ್ನು ಮುಂದೆಯೂ ಹೇಳಲಿಲ್ಲ. ಪೋಸ್ಟಮಾಸ್ತರು ಸ್ವಲ್ಪ ಹೊತ್ತು ನಿಂತು ನೋಡಿದರು. ಬಾಗಿ ಒಂದು ಚಿಟಿಕೆ ಹಿಟ್ಟು ಮೂಸಿದರು.

"ಹಿಟ್ಟು ಎಂದ ಬೀಸಿಸಿದ್ದು?"

"ಅಂಗಡ್ಯಾಗ ತಂದದ್ರಿ."

"ಸಜ್ಜಿ ಹಿಟ್ಟು ಹಳೇದಾದ್ರ ಕಹಿ ಬರತದ. ಇದನ್ನ ದನಕ್ಕ ಹಾಕ್ರಿ. ಸಜ್ಜಿ ತಂದು ಗಿರಣ್ಯಾಗ ಈಗ ಬೀಸಿಸಿಕೊಂಡು ಬರ್ರಿ."

ಗಿರಣಿಗೆ ಹೋದವರು ಯಾರು? ನಾನೇ ಹೋದೆ ಅನಿಸುತ್ತದೆ, ಬಿಸಿ ಹಿಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಬಂದ ನೆನಪು ಇದೆ. ಬರುವಷ್ಟರಲ್ಲಿ ಅವರು ಎಸರಿಟ್ಟಿದ್ದರು. ಕುದಿಯುವ ನೀರು ಹಾಕಿ, ತಣಿಯುವ ಮೊದಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರು. ಉಂಡೆ ಮಾಡಿ, ಒಣ ಹಿಟ್ಟು ಹರವಿ ಬಡಿಯತೊಡಗಿದರು. ಪಟ್ ಪಟ್ ಪಟ್. ರೊಟ್ಟಿ ತಾನೇ ತಿರುಗಿತು, ದುಂಡಗಾಯಿತು. ಮೇಲೆ ಎಳ್ಳು ಉದುರಿಸಿ ಬೆರಳಿನಿಂದ ಒತ್ತಿ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಕೆಂಡಕ್ಕೆ ಆನಿಸಿದರು. ಉಬ್ಬಿತು.

ಯಾರೂ ಮಾತಾಡಲಿಲ್ಲ. ಅವರೇ ಹೇಳಿದರು. ಮನೆಯವರಿಗೆ ಲಕ್ವಾ ಹೊಡೆದು ಬಹಳ ವರ್ಷ ಹಾಸಿಗೆ ಹಿಡಿದಿದ್ದರು. ಬಲಗೈ ಪೂರ್ತಿ ಹೋಗಿತ್ತು, ಆದರೆ ಬಿಸಿ ರೊಟ್ಟಿಯ ಆಸೆ ಹೋಗಿರಲಿಲ್ಲ. "ಅಕಿ ಹಾಸಿಗ್ಯಾಗಿಂದ ಹೇಳತಿದ್ಲು, ನಾ ಬಡೀತಿದ್ದೆ. ನೋಡಾಕ ಬರತಿರಲಿಲ್ಲ ಅಕಿಗೆ. ಬಡಿಯೂ ಸಪ್ಪಳ ಕೇಳಿನ, ನೀರು ಕಮ್ಮಿ ಆತು, ಇನ್ನ ನಾದಬೇಕಿತ್ತು ಅಂತ ಹೇಳತಿದ್ಲು. ಏಳಕ್ಕ ಊಟ, ಏಳೂವರಿಗೆ ಔಷಧ. ಅದಕ್ಕ ಐದೂವರಿಗೆ ಏಳತಿದ್ದೆ."

ತುಟ್ಟಿಭತ್ಯೆ ಜನವರಿಗೆ ಎಷ್ಟು ಏರೀತು, ಜುಲೈಗೆ ಎಷ್ಟು ಎಂದು ನಾವು ಬೆರಳು ಮಡಚಿ ಮಾತಾಡುತ್ತಿದ್ದ ಅದೇ ಪಡಸಾಲೆಯಿಂದ ಈ ಮನುಷ್ಯ ದಿನಾ ಎದ್ದುಹೋಗಿ ರೊಟ್ಟಿ ಬಡಿಯುತ್ತಿದ್ದರು.

ಮರುದಿನ ಬೆಳಿಗ್ಗೆ ಟೆಂಪೋದಲ್ಲಿ ಹೊಲಕ್ಕೆ ಹೋದೆವು. ಮಂಜು ಇತ್ತು, ಅಮ್ಮಿನಭಾವಿಯ ಹತ್ತಿರ ಬಿಸಿಲು ಬಂತು. ಮೂರು ಕಲ್ಲು ಹೂಡಿ ಒಲೆ ಮಾಡಿದೆವು, ಹತ್ತಿಕಟ್ಟಿಗೆ, ಕುಳ್ಳು ಉರಿ. ಎರೆಹೊಲದ ಗಾಳಿಗೆ ಉರಿ ನಿಲ್ಲದೆ ತಹಶೀಲ್ದಾರರು ತಮ್ಮ ಶಾಲನ್ನೇ ಅಡ್ಡ ಹಿಡಿದು ನಿಂತರು. ಪೋಸ್ಟಮಾಸ್ತರು ಒಂದು ಕಡೆ, ಕಲಿಯುವವರು ಸುತ್ತಲೂ. ಪ್ರತಿಯೊಬ್ಬರಿಗೂ ಒಂದೊಂದು ಉಂಡೆ ಕೊಟ್ಟು, "ಕಣ್ಣು ಮುಚ್ಚಿಕೊಂಡು ಬಡೀರಿ, ಸಪ್ಪಳ ಕೇಳ್ರಿ" ಎಂದರು. ಗೌಡ್ರು ಎಣ್ಣೆಗಾಯಿಯ ಉಸ್ತುವಾರಿ. ಗಾರ್ಡ್ ಸಾಹೇಬರು ಬೇಳೆ ಬೇಯುವುದಕ್ಕೂ ನಿಮಿಷ ಹೇಳಿದರು.

ಮಧ್ಯಾಹ್ನ ವೈನಿಯವರು, ಉಳಿದ ಹೆಣ್ಣುಮಕ್ಕಳು ಬಂದರು. ಬೀಗಿತ್ತಿಯರನ್ನು ಕೂಡಿಸುವಂತೆ ಬನ್ನಿಗಿಡದ ನೆರಳಿನಲ್ಲಿ ಕೂಡಿಸಿ, ಕೈಗೆ ನೀರು ಕೊಟ್ಟು, ಮೊದಲ ಪಂಕ್ತಿ ಅವರಿಗೆ ಬಡಿಸಿದೆವು. ವೈನಿ ಒಂದು ತುತ್ತು ಉಂಡು, ಇನ್ನೊಂದು ಉಂಡು, "ರೊಟ್ಟಿ ಪಾಸ್. ಪುಂಡಿಪಲ್ಯಾ ಇನ್ನೊಮ್ಮೆ ಪರೀಕ್ಷಾಕ್ಕ ಕುಂದರಬೇಕು" ಎಂದರು. ಗೌಡ್ರ ನಗೆ ತಿರುಗಿ ಬಂತು. ರೊಟ್ಟಿ ಯಾರು ಬಡಿದದ್ದೆಂದು ತಿಳಿದ ಮೇಲೆ ವೈನಿ ಪೋಸ್ಟಮಾಸ್ತರ ಹತ್ತಿರ ಹೋಗಿ ಏನೋ ಮಾತಾಡಿದರು. ದೂರದಿಂದ ನಮಗೆ ಕೇಳಿಸಲಿಲ್ಲ. ಆ ಮನುಷ್ಯ ಹೊಟ್ಟೆತುಂಬ ಉಂಡದ್ದನ್ನು ಮಾತ್ರ ನಾವೆಲ್ಲ ನೋಡಿದೆವು.

ಆಮೇಲೆ ಅವರು ಪಡಸಾಲೆ ಬಿಡಲಿಲ್ಲ. ಇಸ್ಪೀಟು ಆಡುವವರು ಆಡಿದರು, ಆದರೆ ಪ್ರತಿ ಶನಿವಾರ ಹಿತ್ತಲಲ್ಲಿ ಒಲೆ ಹೊತ್ತಿತು. ರೊಟ್ಟಿ, ಝುಣಕ, ಕಿಚಡಿ, ಸಾರು. ಮನೆಯಲ್ಲಿ ಎಂದೂ ಲೋಟ ಎತ್ತಿಡದವರು ಒಬ್ಬೊಬ್ಬರಾಗಿ ಕಲಿತರು. ಹೆಂಡತಿ ಮಗಳ ಬಾಣಂತನಕ್ಕೆ ಹೋದಾಗ ಖಾನಾವಳಿ ಹುಡುಕುವುದು ತಪ್ಪಿತು. ಇಬ್ಬರಿಗೆ, ಹೆಸರು ಬೇಡ, ಹೆಂಡತಿ ಹಾಸಿಗೆ ಹಿಡಿದಾಗ ಆ ವಿದ್ಯೆಯೇ ಕೈ ಹಿಡಿಯಿತು. ಯಾರಾದರೂ ಬೇಗ ಎದ್ದು ಹೊರಟರೆ ಈಗ ನಾವು ಕೇಳುತ್ತೇವೆ: "ಯಾಕ್ರಿ, ಮನ್ಯಾಗ ಏನರೆ ಆಗೇದೇನು?"

ಪೋಸ್ಟಮಾಸ್ತರು ಈಗಿಲ್ಲ, ಗಾರ್ಡ್ ಸಾಹೇಬರೂ ಇಲ್ಲ. ಶನಿವಾರದ ಒಲೆ ನಡೆದಿದೆ. ನಿವೃತ್ತರ ಸಂಘ ಕಟ್ಟುವವರಿಗೆ ನನ್ನದೊಂದು ಕೋರಿಕೆ. ಕೇರಂ ಬೋರ್ಡು, ಟಿವಿ, ಕುರ್ಚಿ ಎಲ್ಲಾ ಆಮೇಲೆ ತರಬಹುದು, ಮೊದಲು ಒಂದು ಒಲೆ ಹೂಡಿರಿ. ನೌಕರಿ ಇನ್ನೂ ನಾಲ್ಕಾರು ವರ್ಷ ಉಳಿದವರೂ ಬರಬಹುದು, ಕಲಿಯಲು ನಿವೃತ್ತಿಯ ದಾರಿ ಕಾಯಬೇಕಿಲ್ಲ. ಹಿಟ್ಟು ಮಾತ್ರ ಹೊಸದಾಗಿ ಬೀಸಿಸಿಕೊಂಡು ಬನ್ನಿರಿ.