ಎಡೆಹಳ್ಳಿಗೆ ಬಂದ ಪುಟ್ಟ ರೈಲು

ಶೃಂಗೇರಿಗೆ ಹೊರಟ ಯಾತ್ರಿಕರು ಇಂದಿಗೂ ಶಿವಮೊಗ್ಗದಲ್ಲೋ ಕಡೂರಿನಲ್ಲೋ ರೈಲಿನಿಂದಿಳಿದು ಬಸ್ಸನ್ನು ಆಶ್ರಯಿಸಬೇಕು. ಕೊಪ್ಪದವರ ಪಾಡೂ ಅಷ್ಟೇ. ಜಿಲ್ಲೆಯ ಮುಖ್ಯ ಪಟ್ಟಣವಾದ ಚಿಕ್ಕಮಗಳೂರಿಗೇ ರೈಲು ಬಂದುದು 2013ರಲ್ಲಿ. ಆದರೆ ಅದಕ್ಕೆ ಸುಮಾರು ಒಂದು ಶತಮಾನ ಮೊದಲೇ ಈ ಮಲೆನಾಡಿನ ಹೊಸ್ತಿಲವರೆಗೆ ರೈಲೊಂದು ಬರುತ್ತಿತ್ತೆಂದರೆ ವಾಚಕರಲ್ಲಿ ಎಷ್ಟು ಮಂದಿ ನಂಬುವರೋ!

ಬೀರೂರು–ಶಿವಮೊಗ್ಗ ಮೀಟರ್‌ಗೇಜ್ ಹಾದಿ 1899ರಲ್ಲಿ ತೆರೆದಿತ್ತು. ಆ ಹಾದಿಯ ತರೀಕೆರೆಯಿಂದ ಕವಲೊಡೆದು, ಲಕ್ಕವಳ್ಳಿಯ ಕಾಡುಗಳ ಕಡೆಯಿಂದ ಎಡೆಹಳ್ಳಿಯನ್ನು ಮುಟ್ಟುವ ಸುಮಾರು 27 ಮೈಲಿಯ ಕಿರುಹಾದಿಯನ್ನು ಮೈಸೂರು ಸಂಸ್ಥಾನವು 1915ರ ಸುಮಾರಿನಲ್ಲಿ ನಿರ್ಮಿಸಿತು. ಹಳೆಯ ದಾಖಲೆಗಳಲ್ಲಿ ಇದು ಒಮ್ಮೆ ಲೈಟ್ ರೈಲ್ವೆ, ಒಮ್ಮೆ ಟ್ರಾಂವೇ. ಕಂಬಿಗಳ ನಡುವಣ ಅಂತರ ಎರಡೇ ಅಡಿ; ಡಾರ್ಜಿಲಿಂಗ್ ಬೆಟ್ಟವೇರುವ ರೈಲಿಗೂ ಇಷ್ಟೇ ಅಗಲ. ಇದು ಬಡತನದ ಗುರುತೆಂದು ಭಾವಿಸಬಾರದು. ಕಂಬಿ ಕಿರಿದಾದಷ್ಟೂ ತಿರುವುಗಳನ್ನು ಬಿಗಿಯಾಗಿ ತಿರುಗಿಸಬಹುದು. ಗುಡ್ಡ ಕಡಿಯುವ, ಕಣಿವೆ ತುಂಬುವ ಖರ್ಚು ಉಳಿಯುತ್ತದೆ. ಮರಮುಟ್ಟು ಸಾಗಿಸಬೇಕಾದ ಕಾಡಿಗೆ ಇದಕ್ಕಿಂತ ಒಪ್ಪುವ ವಾಹನ ಆಗ ಬೇರಿರಲಿಲ್ಲ.

ಇಂತಹ ಹಾದಿಗಳಿಗೆಲ್ಲ ಒಂದು ಹುಟ್ಟುರೋಗವೂ ಉಂಟು. ಎರಡಡಿಯ ಬಂಡಿ ಮೀಟರ್‌ಗೇಜ್ ಕಂಬಿಯ ಮೇಲೆ ಓಡಲಾರದು. ಆದ್ದರಿಂದ ಜಂಕ್ಷನ್ನಿನಲ್ಲಿ ಪ್ರತಿಯೊಂದು ದಿಮ್ಮಿಯನ್ನೂ ಮೂಟೆಯನ್ನೂ ಇಳಿಸಿ ಮತ್ತೆ ಹೇರಬೇಕು. ಮನೆಯ ಬಾಗಿಲಿನಿಂದಲೇ ಸರಕು ಎತ್ತಿಕೊಳ್ಳುವ ಮೋಟಾರು ಲಾರಿ ಬಂದಮೇಲೆ ಈ ಎರಡು ಕೂಲಿಯನ್ನು ಯಾವ ವರ್ತಕನು ತಾನೆ ಸಹಿಸುವನು?

ಎಡೆಹಳ್ಳಿಗೆ ಮಾತ್ರ ಆ ದಿನಗಳಿಂದ ಒಂದು ಶಾಶ್ವತ ಉಡುಗೊರೆ ದೊರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮಂದಿರಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಅಲ್ಲಿಗೆ ದಯಮಾಡಿಸಿದ ನೆನಪಿಗಾಗಿ 1915ರಲ್ಲಿ ಊರು ನರಸಿಂಹರಾಜಪುರವೆಂದು ಹೆಸರು ಪಡೆಯಿತು.

ರೈಲು ನಿಂತುಹೋದ ಬಳಿಕ ನೀರು ಬಂದಿತು. 1947ರಲ್ಲಿ ಆರಂಭವಾದ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಮುಗಿದಾಗ, ಲಕ್ಕವಳ್ಳಿಗೂ ನರಸಿಂಹರಾಜಪುರಕ್ಕೂ ನಡುವಣ ಕಣಿವೆಯು ಜಲಾಶಯವಾಯಿತು. ಅನೇಕ ಹಳ್ಳಿಗಳವರು ಮನೆ, ತೋಟ, ದೇವರುಗಳನ್ನು ಬಿಟ್ಟು ಹೊರಡಬೇಕಾಯಿತು. ಕೆಳಗಿನ ಬಯಲುಸೀಮೆಯ ಗದ್ದೆಗಳು ಹಸುರಾದುವು, ನಿಜ. ಮುಳುಗಿದವರ ಲೆಕ್ಕದಲ್ಲಿ ಆ ಹಸುರು ಹೇಗೆ ಜಮೆಯಾಯಿತೆಂಬುದನ್ನು ಅವರ ಮಕ್ಕಳನ್ನೇ ಕೇಳಬೇಕು.

ಈಗ ಪಟ್ಟಣದ ಅಂಚಿಗೆ ಹಿನ್ನೀರು ಚಾಚಿದೆ. ರೈಲಿನ ಕಾಲದ ಆ ರಾಜೋಚಿತವಾದ ಹೆಸರನ್ನು ಜನ ಮೊಟಕುಗೊಳಿಸಿ, ಎನ್. ಆರ್. ಪುರ ಎನ್ನುತ್ತಾರೆ.