ಹಳೆಯ ಬಳಗಕ್ಕೆ ಮರಳಿದ ಹೊಸಪೇಟೆ

ತಾನು ತೊರೆದ ಯುರೋಪಿನ ಒಕ್ಕೂಟದೊಡನೆ ಬ್ರಿಟನ್ ಮತ್ತೆ ಸಖ್ಯ ಬೆಳೆಸುತ್ತಿರುವ ವಾರ್ತೆಯನ್ನೋದುವಾಗ ನಮ್ಮ ಬಳ್ಳಾರಿ ಸೀಮೆಯ ಹೊಸಪೇಟೆ, ಕಂಪ್ಲಿಗಳ ಪೂರ್ವವೃತ್ತಾಂತವು ಸ್ಮರಣೆಗೆ ಬಾರದಿರದು. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ವೆಚ್ಚಕ್ಕೆಂದು ಬಿಟ್ಟುಕೊಟ್ಟ ಸೀಮೆಗಳೊಡನೆ ಹೈದರಾಬಾದಿನಿಂದ ಬೇರ್ಪಟ್ಟು, ಮದರಾಸಿನ ಆಳ್ವಿಕೆಯಲ್ಲಿ ಒಂದೂವರೆ ಶತಮಾನವನ್ನು ಕಳೆದು, 1953ರಲ್ಲಿ ಮೈಸೂರನ್ನು ಸೇರಿದ ಈ ನಾಡು, 2012ರ ಸಂವಿಧಾನ ತಿದ್ದುಪಡಿಯಿಂದೊದಗಿದ 371(ಜೆ) ವಿಧಿಯ ಮೂಲಕ ಹೈದರಾಬಾದ್ ಕರ್ನಾಟಕದ ಅಂಗವೆನಿಸಿ ಹಳೆಯ ಬಳಗವನ್ನೇ ಕೂಡಿಕೊಂಡಿತು. ಅಗಲುವಾಗ ಪ್ರಜೆಗಳನ್ನು ಕೇಳಿದವರಿಲ್ಲ; ಮರಳುವಾಗ ಕಣ್ಣೆಲ್ಲ ವಿದ್ಯೆ, ಉದ್ಯೋಗಗಳ ಮೀಸಲಾತಿಯ ಮೇಲೆಯೇ ಇದ್ದಿತು, ಅದರಲ್ಲಿ ನಾಚತಕ್ಕದ್ದೇನೂ ಇಲ್ಲ. 1997ರಲ್ಲಿ ದಾವಣಗೆರೆಗೆ ಹೋದ ಹರಪನಹಳ್ಳಿಯೂ ಇದೇ ಸೌಲಭ್ಯಕ್ಕಾಗಿ ಹೋರಾಡಿ ಬಳ್ಳಾರಿಗೆ ಹಿಂದಿರುಗಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ.